ಹತ್ತೂವರೆ ದಿನ

ಶಾಮರಾಯರನ್ನು ನಮ್ಮ ಕಾಲೇಜಿಗೆ ಕರೆತಂದದ್ದು ಅವರ ವಿದ್ಯೆಗಾಗಿ ಅಲ್ಲ, ಅವರ ನಂಬರಿಗಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮನುಷ್ಯನ ಬಗ್ಗೆ ಬರೆಯುವಾಗ ಸುತ್ತಿ ಬಳಸಿ ಮಾತಾಡಿದರೆ, ಎಲ್ಲಿದ್ದರೂ ಕೆಂಪು ಪೆನ್ಸಿಲ್ ಹಿಡಿದುಕೊಂಡು ಎದ್ದು ಬಂದಾರು.

1997ರ ಮಾತು. ನಾಗಪುರದ ವರ್ಧಾ ರಸ್ತೆಯಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಖಾಸಗಿ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ನಾನು ನಾಲ್ಕನೆಯ ವರ್ಷದಲ್ಲಿದ್ದೆ. ಐದು ವರ್ಷದ ಕೋರ್ಸು; ನಮ್ಮದೇ ಮೊದಲ ಬ್ಯಾಚು, ಮೂವತ್ತೆಂಟು ಜನ. ವಿಶ್ವವಿದ್ಯಾಲಯ ಡಿಗ್ರಿ ಕೊಟ್ಟರೆ ಸಾಲದು. ದಿಲ್ಲಿಯ ಆರ್ಕಿಟೆಕ್ಟರ ಪರಿಷತ್ತಿನವರು ಬಂದು, ಕಾಲೇಜನ್ನು ನೋಡಿ, ಇಲ್ಲಿ ನಿಜವಾಗಿ ಪಾಠ ನಡೆಯುತ್ತಿದೆ ಎಂದು ಮಾನ್ಯತೆ ಕೊಡಬೇಕು. ಆಗ ಮಾತ್ರ ನಮ್ಮ ಹೆಸರು ಅವರ ಪಟ್ಟಿಯಲ್ಲಿ ಸೇರಿ, ತಲೆಗೊಂದು ನಂಬರು ಸಿಕ್ಕಿ, ನಾವು ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬಹುದು. ಇಲ್ಲದಿದ್ದರೆ ಐದು ವರ್ಷ ಗೀಚಿದ ಶೀಟುಗಳೆಲ್ಲ ಇತವಾರಿ ಪೇಟೆಯ ರದ್ದಿ ಅಂಗಡಿಗೆ.

ನಮ್ಮಲ್ಲಿ ಕಣ್ಣಿಗೆ ಕಾಣುವ ಅಧ್ಯಾಪಕರು ನಾಲ್ಕು ಜನ, ಕಾಗದದ ಮೇಲೆ ಹನ್ನೊಂದು. ಉಳಿದ ಏಳು ಜನರನ್ನು ನಾವು ಯಾರೂ ನೋಡಿರಲಿಲ್ಲ. ಫೆಬ್ರವರಿ ಕೊನೆಗೆ ಪರಿಷತ್ತಿನ ತಂಡ ಬರುತ್ತದೆ ಎಂದು ಗೊತ್ತಾದ ಕೂಡಲೇ ಸಂಸ್ಥೆಯ ಸೆಕ್ರೆಟರಿ ಸಾಹೇಬರು, ನಂಬರು ಇರುವ ಹಳೆಯ ಆರ್ಕಿಟೆಕ್ಟ್‌ಗಳನ್ನು ಊರೆಲ್ಲ ಹುಡುಕತೊಡಗಿದರು. ಹಾಗೆ ಸಿಕ್ಕವರು ಶಾಮರಾಯರು. ಧಾರವಾಡದವರು. ಮುಂಬಯಿಯಲ್ಲಿ ಓದಿ, ನಾಗಪುರದ ಕೇಂದ್ರ ಸರ್ಕಾರದ ಪಿಡಬ್ಲ್ಯೂಡಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದು, ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಬರೆದದ್ದೆಲ್ಲ ನೌಕರರ ಕ್ವಾರ್ಟರ್ಸು, ಮೆಟ್ಟಿಲು, ಸಂಡಾಸು, ನೀರಿನ ಟಾಕಿ. ಅವರ ಹೆಸರಿನಲ್ಲಿ ಊರಲ್ಲಿ ಒಂದು ಗುಮ್ಮಟವೂ ಇಲ್ಲ, ಕಮಾನೂ ಇಲ್ಲ.

ಅವರು ಹೇಗೆ ಬಂದರು ಎಂಬುದನ್ನು ಆಮೇಲೆ ಅವರೇ ನನಗೆ ಹೇಳಿದರು.

"ಒಂದು ದಿನ ಬಂದು ಕುರ್ಚಿ ಮ್ಯಾಲೆ ಕೂತ್ರ ಸಾಕು ಅಂದ್ರು. ಕೂತು ಏನು ಹೇಳಬೇಕು ಅಂತ ಕೇಳಿದೆ. ಎರಡು ವರ್ಷದಿಂದ ಇಲ್ಲೇ ಕಲಿಸ್ತೀನಿ ಅಂತ ಹೇಳ್ರಿ ಅಂದ್ರು. ಕಲಿಸಲಾರದs ಹಂಗ ಹೆಂಗ ಹೇಳೂದು ತಂಗಿ? ಅದಕ್ಕ ಮರುದಿನ ಮುಂಜಾನೆನs ಬಂದುಬಿಟ್ಟೆ."

ನಿಜ. ತಂಡ ಬರುವ ದಿನ ಬರಬೇಕಾಗಿದ್ದ ಮನುಷ್ಯ ಮೂರು ವಾರ ಮುಂಚೆಯೇ, ಸೈಕಲ್ಲಿನ ಹಿಂದೆ ನಕ್ಷೆಯ ಕಾಗದದ ಸುರುಳಿ ಕಟ್ಟಿಕೊಂಡು ಬಂದು, "ನನ್ನ ಕ್ಲಾಸು ಯಾವುದು?" ಎಂದು ಗುಮಾಸ್ತನನ್ನು ಕೇಳಿದರಂತೆ. ಗುಮಾಸ್ತ ನಕ್ಕುಬಿಟ್ಟ. ಇವರು ಅಲ್ಲಾಡಲಿಲ್ಲ. ಕೊನೆಗೆ ಅವನು ಬೇಸತ್ತು ನಮ್ಮ ಕೋಣೆಯತ್ತ ಬೆರಳು ತೋರಿಸಿದ.

ನಾನು ಆಗ ಒಂದು ಮ್ಯೂಸಿಯಂ ಬರೆಯುತ್ತಿದ್ದೆ. ಅಂತಿಂಥ ಮ್ಯೂಸಿಯಂ ಅಲ್ಲ. ಗಾಜಿನ ಸೂರು, ಸುರುಳಿ ದಾರಿ, ನಡುವೆ ಕೊಳ. ನನ್ನ ಬಗ್ಗೆ ನನಗೇ ದೃಷ್ಟಿ ತಾಗುವಷ್ಟು ಹೆಮ್ಮೆಯಿತ್ತು. ಶಾಮರಾಯರು ಕನ್ನಡಕ ಏರಿಸಿ ನೋಡಿದರು. ಶೀಟಿನ ಮೂಲೆಯಲ್ಲಿ 'ಚಾರುಲತಾ ಮಲ್ಲೇಶಪ್ಪ' ಎಂಬ ಹೆಸರು ಕಂಡದ್ದೇ ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದರು.

"ಭಾಳ ಛಂದ ಅದ. ಇದರಾಗ ಸಂಡಾಸ ಎಲ್ಲದ ತಂಗಿ?"

ನಾನು ಬರೆಯುವುದನ್ನೇ ಮರೆತಿದ್ದೆ. ಕನ್ನಡ ಬಾರದ ಮೂವತ್ತೇಳು ಜನಕ್ಕೂ 'ಸಂಡಾಸ' ಎಂಬ ಮಾತು ಚೆನ್ನಾಗಿ ಅರ್ಥವಾಯಿತು, ಕೋಣೆಯೆಲ್ಲ ಗೊಳ್ಳೆಂದಿತು. ನಾನು ಇಂಗು ತಿಂದ ಮಂಗನಂತೆ ನಿಂತೆ.

ಮರುದಿನ ಎಲ್ಲರಿಗೂ ಒಂದೇ ಕೆಲಸ: ನಿಮ್ಮ ನಿಮ್ಮ ಮನೆಯ ಬಚ್ಚಲುಮನೆಯನ್ನು ಅಳತೆ ಮಾಡಿ ಬರೆದುಕೊಂಡು ಬನ್ನಿ. ನಮಗೆ ಅವಮಾನವಾಯಿತು. ನಾಲ್ಕನೆಯ ವರ್ಷದಲ್ಲಿ ಬಚ್ಚಲೇ! ಆದರೂ ವಾಯುಸೇನಾ ನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಟೇಪು ಹಿಡಿದು ಬಚ್ಚಲಿಗೆ ಹೊಕ್ಕೆ. ಅಮ್ಮ ರಾಜಮ್ಮ ಹೊರಗಿನಿಂದ, "ಏನೇ, ನಾಲ್ಕು ವರ್ಷ ಓದಿಸಿದ್ದು ಬಚ್ಚಲು ಅಳೆಯೋದಕ್ಕಾ?" ಎಂದು ಕೇಳಿದಳು.

ಶಾಮರಾಯರು ಒಂದೊಂದು ಶೀಟನ್ನೂ ಹಿಡಿದು ಕೂತರು. ಬಾಗಿಲು ಒಳಗೆ ತೆರೆದರೆ ಬಕೆಟ್ಟಿಗೆ ಬಡಿಯುತ್ತದಲ್ಲ, ಯಾಕೆ ನೋಡಲಿಲ್ಲ? ಒಳಗೆ ಮುದುಕರು ಬಿದ್ದರೆ ಈ ಬಾಗಿಲು ಹೇಗೆ ತೆಗೆಯುತ್ತೀರಿ? ಸ್ನಾನ ಮಾಡುವವರು ಸೀರೆ ಎಲ್ಲಿ ಇಡಬೇಕು, ನಿಮ್ಮ ತಲೆಯ ಮೇಲೋ? ಹೀಗೆ ಬೈದು ಬೈದು, ಕೊನೆಗೆ ಎಲ್ಲರ ಶೀಟಿನಲ್ಲೂ ಬಾಗಿಲಿನ ಹಿಂದೆ ಎರಡು ಗೂಟ ಬರೆಸಿದರು. ಒಂದು ಐದೂವರೆ ಅಡಿ ಎತ್ತರದಲ್ಲಿ, ಇನ್ನೊಂದು ಮೂರೂವರೆ ಅಡಿಯಲ್ಲಿ.

"ಕೆಳಗಿನದು ಮಕ್ಕಳಿಗಾ ಸರ್?" ಎಂದು ಕೇಳಿದೆ.

"ಬರಿ. ಮನ್ಯಾಗ ಯಾರದರೆ ಒಂದು ಕೈ ಮ್ಯಾಲೆ ಮುಟ್ಟಲಾರದ್ದು ಇದ್ದs ಇರ್ತದ."

ಅವರಿಗೆ ಇನ್ನೊಂದು ಗೀಳು ಇತ್ತು. ಯಾವ ಶೀಟನ್ನು ತಿದ್ದಿದರೂ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಅಂದಿನ ತಾರೀಖು ಹಾಕಿ, ಕೆಳಗೆ ಕನ್ನಡದಲ್ಲಿ 'ಶಾ' ಎಂದು ಬರೆಯುತ್ತಿದ್ದರು. ಕಚೇರಿಯ ಮೂವತ್ತನಾಲ್ಕು ವರ್ಷದ ಅಭ್ಯಾಸ. "ತಾರೀಖು ಇಲ್ಲದ ನಕ್ಷೆ ಅಂದ್ರ ಅಪ್ಪ ಅವ್ವ ಇಲ್ಲದ ಕೂಸು ಇದ್ದಂಗ" ಎನ್ನುವರು. ಹದಿನೈದು ದಿನ ಕಳೆಯುವಷ್ಟರಲ್ಲಿ ನಾವು ಬೆಳಿಗ್ಗೆ ಅವರ ಸೈಕಲ್ಲಿನ ಗಂಟೆಗೆ ಕಾಯುವಂತಾಗಿದ್ದೆವು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ತಂಡ ಬರುವ ಹಿಂದಿನ ದಿನ ಸೆಕ್ರೆಟರಿ ಸಾಹೇಬರು ನಮ್ಮೆಲ್ಲರನ್ನೂ ಕೂರಿಸಿ ಪಾಠ ಹೇಳಿಕೊಟ್ಟರು. ಯಾರು ಕೇಳಿದರೂ ಒಂದೇ ಉತ್ತರ: ಈ ಹನ್ನೊಂದು ಸರ್‌ಗಳೂ ಎರಡು ವರ್ಷದಿಂದ ಇದ್ದಾರೆ. "ನಿಮ್ಮ ಡಿಗ್ರಿ ನಿಮ್ಮ ನಾಲಿಗೆ ಮೇಲಿದೆ" ಎಂದರು. ಹಾಜರಿ ಪುಸ್ತಕವನ್ನೂ ಒಂದೇ ಮಧ್ಯಾಹ್ನ, ಒಂದೇ ಪೆನ್ನಿನಲ್ಲಿ ತಯಾರು ಮಾಡಿದ್ದರು. ಇಡೀ ನಾಗಪುರ ಬೀದಿಗಿಳಿದು ಮಾರಬತ್ ಬೊಂಬೆಗಳ ಮೆರವಣಿಗೆ ನೋಡುವ ದಿನವೂ ಹನ್ನೊಂದು ಜನ ಕಾಲೇಜಿಗೆ ಬಂದು ಸಹಿ ಹಾಕಿದ್ದರು!

ತಂಡದಲ್ಲಿ ಮೂವರು. ಮುಖ್ಯಸ್ಥೆ ಖಾದಿ ಸೀರೆ ಉಟ್ಟ ಹಿರಿಯ ಹೆಂಗಸು, ಹೆಚ್ಚು ಮಾತಿಲ್ಲ. ಗೋಡೆಯ ಮೇಲಿನ ಶೀಟುಗಳನ್ನು ನೋಡುತ್ತಾ ಬಂದವರು ಬಚ್ಚಲುಗಳ ಸಾಲಿನ ಮುಂದೆ ನಿಂತರು. ಒಂದರ ನಂತರ ಒಂದು, ಮೂವತ್ತೆಂಟು ಬಾಗಿಲು, ಎಲ್ಲದರ ಹಿಂದೆ ಎರಡೆರಡು ಗೂಟ. ಅವರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಇದನ್ನು ಕಲಿಸಿದವರು ಯಾರು ಎಂದು ನನ್ನನ್ನೇ ಕೇಳಿದರು. ಶಾಮರಾಯರನ್ನು ತೋರಿಸಿದೆ. ಎಷ್ಟು ದಿನದಿಂದ ಕಲಿಸುತ್ತಿದ್ದಾರೆ?

ಸೆಕ್ರೆಟರಿ ನನ್ನನ್ನೇ ನೋಡುತ್ತಿದ್ದರು. ಮೂವತ್ತೇಳು ಜನವೂ ನೋಡುತ್ತಿದ್ದರು. "ಎರಡು ವರ್ಷ" ಎಂದೆ.

ಆಕೆ ಅದೇ ಪ್ರಶ್ನೆಯನ್ನು ಶಾಮರಾಯರಿಗೆ ಕೇಳಿದರು. ಅವರು ಕನ್ನಡಕ ತೆಗೆದು, ಮಡಚಿ, ಜೇಬಿಗಿಟ್ಟರು. ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: ಇವತ್ತಿಗೆ ಹತ್ತೊಂಬತ್ತು ದಿನ, ಭಾನುವಾರ ಬಿಟ್ಟು. ಆಮೇಲೆ, ಹುಡುಗಿಯದು ತಪ್ಪಲ್ಲ, ಹಾಗೆ ಹೇಳು ಎಂದು ದೊಡ್ಡವರು ನಾವೇ ಹೇಳಿಕೊಟ್ಟಿದ್ದೇವೆ ಎಂದರು.

'ನಾವು' ಎಂದರು, ಅವರು ಹೇಳಿಕೊಟ್ಟಿರದಿದ್ದರೂ. ಅದು ನನಗೆ ಆಗ ಕೇಳಿಸಲೇ ಇಲ್ಲ. ಎಲ್ಲರ ಮುಂದೆ ನಾನು ಸುಳ್ಳಿಯಾದೆ ಎಂಬುದೊಂದೇ ಕೇಳಿಸಿತು. ಸಂಜೆ ಸೆಕ್ರೆಟರಿ ಅವರಿಗೆ ನಾಳೆಯಿಂದ ಬರಬೇಡಿ ಎಂದು ಹೇಳಿದ್ದೂ, ಅವರು ತಮ್ಮ ಸ್ಕೇಲು, ಪೆನ್ಸಿಲು ಚೀಲಕ್ಕೆ ತುಂಬಿಕೊಂಡದ್ದೂ ಕಣ್ಣಿಗೆ ಕಂಡಿತು. ಸೈಕಲ್ಲಿನ ಹತ್ತಿರ ನಿಂತು, "ಹೋಗಿ ಬರ್ತೀನಿ ತಂಗಿ" ಎಂದರು. ನಾನು ಮುಖ ತಿರುಗಿಸಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ಒಂದು ವಾರ ಅವರನ್ನು ಬೈದದ್ದೇ ಬೈದದ್ದು. ಮುದುಕನಿಗೆ ಏನು ಹೋಗಬೇಕಿತ್ತು, ಪಿಂಚಣಿ ಬರುತ್ತದೆ, ಹೋಗುವುದು ನಮ್ಮ ಡಿಗ್ರಿ! ಅಪ್ಪ ಮಲ್ಲೇಶಪ್ಪ ವಾಯುಸೇನೆಯಲ್ಲಿ ವಾರಂಟ್ ಆಫೀಸರ್. ವಿಮಾನದ ಇಂಜಿನ್ ನೋಡುವ ಕೆಲಸ. ತರೀಕೆರೆ ಕಡೆಯವರು, ಮಾತು ಕಡಿಮೆ. ಎಂಟನೆಯ ದಿನ ಊಟದ ತಟ್ಟೆಯಿಂದ ತಲೆಯೆತ್ತಿದರು.

"ನೋಡವ್ವ, ನಾನು ದಿನಾ ಒಂದು ಫಾರಮ್ಮಿಗೆ ಸಹಿ ಮಾಡ್ತೀನಿ. ಈ ಇಂಜಿನ್ನು ನೋಡಿದೀನಿ, ಸರಿ ಐತೆ ಅಂತ. ನೋಡ್ದೆ ಸಹಿ ಮಾಡಿದ್ರೆ ಏನಾಯ್ತದೆ?"

"ವಿಮಾನ ಬೀಳ್ತದೆ."

"ಬಿದ್ದಾಗ ಅದರಲ್ಲಿ ನಾನಿರಲ್ಲ. ಯಾರದೋ ಮಗ ಇರ್ತಾನೆ. ಹೋಗಿ ಆ ಮೇಷ್ಟ್ರನ್ನ ಮಾತಾಡಿಸ್ಕೊಂಡ್ ಬಾ."

ಹೋದೆ. ಊರ ನಡುವಿನ ಮಹಾಲ್ ಪೇಟೆಯ ಗಲ್ಲಿಯೊಳಗೆ ತೊಟ್ಟಿಮನೆಯಂಥ ಒಂದು ಹಳೆಯ ವಾಡೆ, ಅದರ ಮಹಡಿಯ ಎರಡು ಕೋಣೆ ಅವರ ಮನೆ. ಶಾಮರಾಯರು ತರಕಾರಿಗೆ ಹೋಗಿದ್ದರು. ಬಾಗಿಲು ತೆಗೆದವರು ಅವರ ಹೆಂಡತಿ ವಾಸಂತಿ. ಯಾರೆಂದು ಹೇಳುವ ಮುಂಚೆಯೇ, "ಸಂಡಾಸ ಇಲ್ಲದ ಮ್ಯೂಸಿಯಂ ನಿಂದs ಅಲ್ಲ? ಬಾ ಒಳಗ, ಕಾಲು ತೊಳಕೋ" ಎಂದರು. ಕಾಲು ತೊಳೆಯಲು ಬಚ್ಚಲಿಗೆ ಹೋದೆ. ಬಾಗಿಲ ಹಿಂದೆ ಎರಡು ಗೂಟ. ಮೇಲಿನದರಲ್ಲಿ ಶಾಮರಾಯರ ಪಂಚೆ, ಮೂರೂವರೆ ಅಡಿಯದರಲ್ಲಿ ಹೆಂಗಸರ ಸೀರೆ, ಟವೆಲು.

ಹೊರಗೆ ಬಂದಾಗ ಗಮನಿಸಿದೆ. ವಾಸಂತಿಯವರು ಚಹಾದ ಡಬ್ಬಿಯನ್ನು ಎಡಗೈಯಲ್ಲಿ ತೆಗೆದರು. ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಲೇ ಇರಲಿಲ್ಲ. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಎದಿಯಾಗ ಗಂಟಾಗಿತ್ತು. ಆಪರೇಷನ್ ಆಗಿ ಆರು ವರ್ಷ ಆತು. ದವಾಖಾನಿಯಿಂದ ಬಂದ ದಿನ ಇವರು ಮೊದಲ ಮಾಡಿದ್ದು ಆ ಗೂಟ ಬಡದದ್ದು. ಮಾಲಕರು ಗ್ವಾಡಿ ಹಾಳಾತು ಅಂತ ಒದರಿದ್ರು."

ಯಾರದಾದರೂ ಒಂದು ಕೈ ಎಂದರಲ್ಲ ಅಂದು, ಅದು ಇದೇ ಕೈ. ನಾನು ಅಲ್ಲೇ ಅತ್ತುಬಿಟ್ಟೆ. ಶಾಮರಾಯರು ತರಕಾರಿ ಚೀಲ ಹಿಡಿದು ಬಂದಾಗ ನನ್ನ ಬಾಯಿಂದ ಹೊರಟದ್ದು, "ತಪ್ಪಾಯ್ತು ಕಾಕಾ". ಕಾಲೇಜಿನ ಸರ್ ಹೋಗಿ ಅಂದಿನಿಂದ ಶಾಮರಾಯರು ನನಗೆ ಕಾಕಾ ಆದರು, ವಾಸಂತಿಯವರು ಕಾಕೂ; ಆ ಊರಿನ ಮಾತಿನಲ್ಲಿ ಚಿಕ್ಕಪ್ಪ, ಚಿಕ್ಕಮ್ಮ. ಕಾಕಾ ಚೀಲ ಕೆಳಗಿಟ್ಟು, "ಮ್ಯೂಸಿಯಂ ಶೀಟು ತಂದೀಯೇನು?" ಎಂದರು. ಮರುವಾರದಿಂದ ಏಳೆಂಟು ಜನ ಸಂಜೆ ಆ ಮಹಡಿಗೆ ಹೋಗತೊಡಗಿದೆವು.

ಮೇ ತಿಂಗಳಲ್ಲಿ ಪರಿಷತ್ತಿನ ಪತ್ರ ಬಂತು. ಹೊಸ ಪ್ರವೇಶ ಬಂದ್. ನಮ್ಮ ಬ್ಯಾಚಿನ ಮಾನ್ಯತೆಯನ್ನು ಮುಂದಿನ ವರ್ಷ ಮತ್ತೆ ಬಂದು ನೋಡಿ ತೀರ್ಮಾನಿಸುತ್ತಾರೆ. ನಿಜವಾದ ಅಧ್ಯಾಪಕರನ್ನು ನೇಮಿಸಬೇಕು. ನಮ್ಮ ಬ್ಯಾಚಿಗೆ ಡಿಸೈನ್ ಕಲಿಸುವವರು ತಂಡ ಬರುವಷ್ಟರಲ್ಲಿ ನೂರ ಎಂಬತ್ತು ದಿನವಾದರೂ ಪಾಠ ಮಾಡಿರಬೇಕು. ಕೊನೆಯ ಸಾಲು ಸೆಕ್ರೆಟರಿಗೆ ನುಂಗಲಾರದ ತುತ್ತಾಗಿತ್ತು: ಈ ಕಾಲೇಜಿನಲ್ಲಿ ಯಾರ ಹಾಜರಿಯನ್ನು ತಂಡ ಅನುಮಾನವಿಲ್ಲದೆ ನಂಬಬಹುದೋ ಅಂಥ ಅಧ್ಯಾಪಕರು ಒಬ್ಬರೇ, ಡಿಸೈನ್ ಅವರಿಗೇ ಕೊಡುವುದು ಒಳಿತು.

ಹೀಗಾಗಿ ನಾಗಪುರದ ಆ ಉರಿ ಬಿಸಿಲಿನಲ್ಲಿ ಸೆಕ್ರೆಟರಿ ಸಾಹೇಬರು ಮಹಾಲಿನ ಮರದ ಮೆಟ್ಟಿಲು ಹತ್ತಿ ಬರಬೇಕಾಯಿತು. ನಾವು ನಾಲ್ಕು ಜನ ಅಲ್ಲೇ ನಕ್ಷೆ ಹರವಿಕೊಂಡು ಕೂತಿದ್ದೆವು. ಕಾಕೂ ಸಾಹೇಬರಿಗೆ ಮಾವಿನಕಾಯಿ ಪನ್ನಾ ಕೊಟ್ಟು, "ಇನ್ನೊಂದು ಗ್ಲಾಸ್ ಕುಡೀರಿ, ಮೆಟ್ಟಲಾ ಎತ್ತರ ಅವ" ಎಂದು ಮರಾಠಿಯಲ್ಲಿ ಉಪಚಾರ ಮಾಡಿದರು. ಕಾಕಾ ಒಂದೇ ಷರತ್ತು ಹಾಕಿದರು. ಬಂದ ದಿನ ಸಹಿ, ಬರದ ದಿನ ಇಲ್ಲ.

ಜುಲೈಯಿಂದ ಅವರು ಒಂದು ದಿನವೂ ತಪ್ಪಿಸಲಿಲ್ಲ. ಮಳೆ ಬಂದರೆ ಪ್ಲಾಸ್ಟಿಕ್ ಹೊದ್ದು ಸೈಕಲ್ ತುಳಿದುಕೊಂಡು ಬರುವರು. ಡಿಸೆಂಬರಿನಲ್ಲಿ ಕಾಕೂಗೆ ಮತ್ತೆ ಆರೋಗ್ಯ ಕೆಟ್ಟಿತು. ಊರವರು 'ಮೆಡಿಕಲ್' ಎಂದು ಕರೆಯುವ ಸರ್ಕಾರಿ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಕಾಕಾ ಹಾಜರಿ ಪುಸ್ತಕದಲ್ಲಿ ತಾವೇ 'ರಜೆ' ಎಂದು ಬರೆದು ಹೋದರು. ಹನ್ನೊಂದು ದಿನ.

ಆ ಹನ್ನೊಂದು ದಿನವೂ ನಾವು ಆಸ್ಪತ್ರೆಗೆ ಹೋದೆವು, ಕಾಕೂಗೆ ಅಮ್ಮ ಮಾಡಿದ ಗಂಜಿ ತೆಗೆದುಕೊಂಡು. ನಮ್ಮ ಕೈಯಲ್ಲಿದ್ದ ಶೀಟಿನ ಸುರುಳಿ ಕಾಕಾನ ಕಣ್ಣಿಗೆ ಬೀಳದಿರಲಿ ಎಂದು ಬೆನ್ನ ಹಿಂದೆ ಹಿಡಿದಿದ್ದೆವು. ಆದರೆ ಹಾಸಿಗೆಯಲ್ಲಿದ್ದ ಕಾಕೂ ಕಂಡುಬಿಟ್ಟರು.

"ಹುಡುಗೂರು ಬಂದಾವ ನೋಡ್ರಿ. ನನ್ನ ಮಾರಿ ಎಷ್ಟೊತ್ತು ನೋಡ್ತೀರಿ? ನನಗೂ ಬ್ಯಾಸರಾಗ್ತದ. ಹೋಗ್ರಿ, ಜಲ್ದಿ ಹೋಗ್ರಿ."

ಕಾಕಾ ದಿನವೂ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಶೀಟು ಹರವಿ ತಿದ್ದಿದರು. ಎರಡೆರಡು ನಿಮಿಷಕ್ಕೊಮ್ಮೆ ಎದ್ದು ಒಳಗೆ ನೋಡಿ ಬರುವರು. ಅಂತೂ ಕಾಕೂ ಗೆದ್ದು ಮನೆಗೆ ಬಂದರು.

1998ರ ಮಾರ್ಚ್ ಮೊದಲ ವಾರ ತಂಡ ಬರುವುದೆಂದು ತಿಳಿಯಿತು. ಪ್ರಿನ್ಸಿಪಾಲರು ಕಾಕಾನ ಹಾಜರಿಯನ್ನು ಲೆಕ್ಕ ಹಾಕಿದರು: ನೂರ ಎಪ್ಪತ್ತನಾಲ್ಕು ದಿನ. ಆರು ಕಡಿಮೆ! ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ನಾವು. ಪ್ರಿನ್ಸಿಪಾಲರು ಕೈ ಜೋಡಿಸಿ ಕೇಳಿಕೊಂಡರು: ಡಿಸೆಂಬರಿನ ಹನ್ನೊಂದು ದಿನಕ್ಕೆ ಒಂದು ಗೀಟು ಎಳೆದು ಸಹಿ ಹಾಕಿಬಿಡಿ, ಮೂವತ್ತೆಂಟು ಮಕ್ಕಳ ಬಾಳು. ಕಾಕಾ ಇಲ್ಲ ಎಂದರು. ಆದರೆ ಆ ವಾರ ಅವರ ಮುಖ ನೋಡುವ ಹಾಗಿರಲಿಲ್ಲ. ನನ್ನನ್ನು ಒಬ್ಬಳನ್ನೇ ಕರೆದು, "ನಿಮ್ಮ ನಸೀಬು ನನ್ನ ಕೈಯಾಗ ಬಂದು ಸಿಕ್ಕಾವ ತಂಗಿ. ಬರಬಾರದಿತ್ತು ನಾ" ಎಂದರು. ನನಗೆ ಈ ಸಲ ಸಿಟ್ಟು ಬರಲಿಲ್ಲ. ದುಃಖ ಮಾತ್ರ ಬಂತು.

ತಂಡ ಬರುವ ಬೆಳಿಗ್ಗೆ ನಾನು ಶೀಟುಗಳನ್ನು ಗೋಡೆಗೆ ಹಚ್ಚುತ್ತಿದ್ದೆ. ಒಂದರ ಮೂಲೆಯಲ್ಲಿ ಕೆಂಪು ಪೆನ್ಸಿಲಿನ ತಾರೀಖು ಕಂಡಿತು: 15-12-97. ಕೆಳಗೆ 'ಶಾ'. ಕೈ ಅಲ್ಲೇ ನಿಂತಿತು. ಹದಿನೈದನೇ ತಾರೀಖು ಕಾಕಾ ಆಸ್ಪತ್ರೆಯಲ್ಲಿದ್ದರು. ಉಳಿದ ಶೀಟುಗಳನ್ನೆಲ್ಲ ತಡಕಾಡಿದೆ. ಹನ್ನೆರಡರಿಂದ ಇಪ್ಪತ್ತನಾಲ್ಕರವರೆಗೆ, ಎರಡು ಭಾನುವಾರ ಬಿಟ್ಟರೆ ಒಂದು ದಿನವೂ ತಪ್ಪಿಲ್ಲ. ಬೆಂಚಿನ ಮೇಲೆ ಕೂತು ತಿದ್ದುವಾಗಲೂ ಆ ಹಳೆಯ ಗೀಳು ಬಿಟ್ಟಿರಲಿಲ್ಲ. ಹನ್ನೊಂದು ಶೀಟುಗಳನ್ನು ಬೇರೆ ತೆಗೆದು ಸುತ್ತಿಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಮೊದಲೇ ಹೇಳಿದರೆ, "ಅದು ಪಾಠ ಅಲ್ಲ, ದವಾಖಾನಿ" ಎಂದು ಕಾಕಾನೇ ತಳ್ಳಿಹಾಕುತ್ತಾರೆ ಎಂದು ನನಗೆ ಗೊತ್ತಿತ್ತು.

ಬಂದದ್ದು ಅದೇ ಖಾದಿ ಸೀರೆಯ ಹೆಂಗಸು. ಹಾಜರಿ ಪುಸ್ತಕ ತೆರೆದು ಕಾಕಾನ ಕಡೆ ತಿರುಗಿ, ಕಳೆದ ವರ್ಷದ ಪ್ರಶ್ನೆಯನ್ನೇ ಕೇಳಿದರು: ಎಷ್ಟು ದಿನ?

"ನೂರ ಎಪ್ಪತ್ತನಾಲ್ಕು" ಎಂದರು ಕಾಕಾ. ಡಿಸೆಂಬರಿನಲ್ಲಿ ಹನ್ನೊಂದು ದಿನ ತಾನು ಬಂದಿಲ್ಲ, ತಪ್ಪು ತನ್ನದು, ಶಿಕ್ಷೆ ಮಕ್ಕಳಿಗೆ ಆಗಬಾರದು ಎಂದು ಸೇರಿಸಿದರು. ಆಕೆ ಪೆನ್ನಿನ ಮುಚ್ಚಳ ತೆಗೆದರು.

ನಾನು ಮುಂದೆ ಬಂದೆ. ಸೆಕ್ರೆಟರಿ ಕಣ್ಣಲ್ಲೇ ಗದರಿಸಿದರು. ಕಳೆದ ವರ್ಷ ನಾನು ನಿಮಗೆ ಸುಳ್ಳು ಹೇಳಿದ್ದೆ, ಈ ವರ್ಷ ಇವರು ಹೇಳಿದ್ದು ಸರಿಯಿಲ್ಲ ಎಂದು ಆಕೆಗೆ ಹೇಳಿ, ಹನ್ನೊಂದು ಶೀಟುಗಳನ್ನೂ ಮೇಜಿನ ಮೇಲೆ ಹರವಿದೆ. ಆಸ್ಪತ್ರೆ, ಬೆಂಚು, ಗಂಜಿ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಹಿಂದಿಯೋ ಮರಾಠಿಯೋ ಏನು ಮಾತಾಡಿದೆನೋ ನನಗೇ ನೆನಪಿಲ್ಲ.

ಆಕೆ ಒಂದೊಂದೇ ಶೀಟಿನ ಮೂಲೆ ನೋಡಿದರು. ತಿದ್ದಿದ ಗೆರೆಗಳನ್ನೂ ನೋಡಿದರು. ಆಮೇಲೆ ಶೀಟುಗಳನ್ನು ಕಾಕಾನ ಮುಂದೆ ಸರಿಸಿ, ನೀವೇ ಹೇಳಿ, ಇದು ಪಾಠ ಹೌದೋ ಅಲ್ಲವೋ ಎಂದರು.

ಕಾಕಾ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುವಿದರು. ಅವರ ಹುಬ್ಬು ಗಂಟಿಕ್ಕಿತು, ಬಿಚ್ಚಿತು. ಆ ಮನುಷ್ಯ ಅಲ್ಲ ಎಂದರೆ ಬ್ರಹ್ಮ ಬಂದರೂ ಹೌದು ಅನ್ನಿಸಲಾರ. ಕೊನೆಗೆ ತಲೆಯೆತ್ತಿ ನನ್ನನ್ನು ನೋಡಿ, ಎಲ್ಲರ ಮುಂದೆ ಕನ್ನಡದಲ್ಲೇ ಹೇಳಿದರು:

"ಬರೋಬರ್ ಅದ ತಂಗಿ. ನಾನs ಮರತಿದ್ದೆ."

ಮತ್ತೆ ಶೀಟುಗಳಿಗೆ ತಿರುಗಿ ಒಂದನ್ನು ಬೇರೆ ತೆಗೆದರು. ಆಕೆಗೆ ವಿವರಿಸಿದರು: ಹದಿನೇಳನೇ ತಾರೀಖು ಹೆಂಡತಿಗೆ ಜ್ವರ ಏರಿತ್ತು, ಅರ್ಧಕ್ಕೇ ಎದ್ದು ಹೋಗಿದ್ದೆ, ಇಲ್ಲಿ ನೋಡಿ, ಮೆಟ್ಟಿಲು ತಿದ್ದುವುದು ಉಳಿದಿದೆ. ಅದನ್ನು ಅರ್ಧ ದಿನ ಹಿಡಿಯಿರಿ.

ಖಾದಿ ಸೀರೆಯ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು, ಪುಸ್ತಕದಲ್ಲಿ ತಮ್ಮ ಕೈಯಿಂದಲೇ ಬರೆದರು: ನೂರ ಎಂಬತ್ತನಾಲ್ಕೂವರೆ.

ಸಂಜೆ ನಾವೆಲ್ಲ ಗದ್ದಲ ಮಾಡುತ್ತಾ ಮಹಾಲಿನ ಮಹಡಿ ಹತ್ತಿದೆವು. ಕಾಕೂಗೆ ನಾನೇ ಎಲ್ಲ ಹೇಳಿದೆ. ಅವರು ಗಲ್ಲಕ್ಕೆ ಕೈ ಹಚ್ಚಿ ಕೇಳಿಸಿಕೊಂಡು, ಗಂಡನ ಕಡೆ ತಿರುಗಿದರು.

"ಅಂದ್ರ ಆ ಹತ್ತೂವರೆ ದಿನಾ ನೀವು ಕಾಲೇಜಿನಾಗ ಇದ್ರಿ ಅಂದಂಗಾತು. ನಾ ಎಲ್ಲೋ ನನ್ನ ಹತ್ರ ಇದ್ರಿ ಅಂತ ತಿಳ್ಕೊಂಡಿದ್ದೆ!"

ನಾವು ಬಿದ್ದು ಬಿದ್ದು ನಕ್ಕೆವು. ಕಾಕೂ ತಮಾಷೆಗೆ ಅಂದದ್ದು. ಆದರೆ ಆ ಮನುಷ್ಯ ಇಂಥ ಮಾತನ್ನು ತಮಾಷೆಗೆ ಬಿಡುವ ಜಾತಿಯಲ್ಲ. ನಮ್ಮ ಪರೀಕ್ಷೆ ಮುಗಿದ ಮರುದಿನ ಪ್ರಿನ್ಸಿಪಾಲರ ಮೇಜಿನ ಮೇಲೆ ಒಂದು ರಜೆ ಅರ್ಜಿ ಬಂತು. ದಿನಗಳು: ಹತ್ತೂವರೆ. ಕಾರಣ: ಡಿಸೆಂಬರಿನಲ್ಲಿ ಹೆಂಡತಿಯ ಪಾಲಿನ ದಿನಗಳನ್ನು ಕಾಲೇಜಿಗೆ ಬಳಸಿದ್ದೇನೆ, ಹಿಂತಿರುಗಿಸಬೇಕಾಗಿದೆ.

ಮಾನ್ಯತೆಯ ಪತ್ರ ಬಂದದ್ದು ಆ ರಜೆಯ ಏಳನೆಯ ದಿನ. ಮೂವತ್ತೆಂಟು ಜನಕ್ಕೂ ನಂಬರು, ಹೊಸ ಪ್ರವೇಶಕ್ಕೂ ಒಪ್ಪಿಗೆ! ಪತ್ರದ ಪ್ರತಿ ಹಿಡಿದು ಮಹಾಲಿಗೆ ಓಡಿದೆ. ಕಾಕಾ ಅಡುಗೆಮನೆಯ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು; ಪಕ್ಕದಲ್ಲಿ ಕಾಕೂ.

"ನಾ ರಜಾದಾಗ ಇದ್ದೀನಿ. ಕಾಲೇಜಿನ ಕಾಗದಾ ಮುಟ್ಟಂಗಿಲ್ಲ" ಎಂದು ಕಾಕಾ ಕೈ ಹಿಂದೆ ಕಟ್ಟಿಕೊಂಡರು. ಕಾಕೂ ನನ್ನ ಕೈಯಿಂದ ಪತ್ರ ಕಿತ್ತುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಇಂಗ್ಲಿಷಿನಲ್ಲಿ ಜೋರಾಗಿ ಓದಿದರು. ಕಾಕಾ ಸೊಪ್ಪಿನ ಕಡೆಗೇ ಬಗ್ಗಿ ಕೂತಿದ್ದರು. ಸೊಪ್ಪಿನ ಮೇಲೆ ನೀರು ಬಿತ್ತು.

ಹನ್ನೊಂದನೆಯ ದಿನ ಮಧ್ಯಾಹ್ನಕ್ಕೆ ರಜೆ ಮುಗಿಯಬೇಕು. ಒಂದೂವರೆಗೆ ಸರಿಯಾಗಿ ಬರುತ್ತಾರೆ ಎಂದು ನಾವು ಹತ್ತು ಜನ ಪೇಢೆಯ ಪೆಟ್ಟಿಗೆ ಹಿಡಿದು ಕಾಲೇಜಿನ ಗೇಟಿನಲ್ಲಿ ಕಾದೆವು. ಎರಡಾಯಿತು, ನಾಲ್ಕಾಯಿತು. ಸೈಕಲ್ಲಿನ ಗಂಟೆ ಕೇಳಲಿಲ್ಲ. ನನಗೆ ಗಾಬರಿಯಾಯಿತು, ಕಾಕೂಗೆ ಏನಾದರೂ ಆಯಿತೇ ಎಂದು.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಬಂದರು. ಪುಸ್ತಕ ತೆರೆದು, ರಜೆಯ ಹತ್ತೂವರೆಯನ್ನು ಹೊಡೆದುಹಾಕಿ ಹನ್ನೊಂದು ಎಂದು ಬರೆದು, ತಾರೀಖು ಹಾಕಿ 'ಶಾ' ಎಂದು ಬರೆದರು. ಲೆಕ್ಕ ತಪ್ಪಿತಲ್ಲ ಕಾಕಾ, ಆಸ್ಪತ್ರೆಯಲ್ಲಿ ಆ ಅರ್ಧ ದಿನ ನೀವು ಅವರ ಹತ್ತಿರವೇ ಇದ್ದಿರಲ್ಲ ಎಂದೆ.

"ಹೌದು" ಎಂದರು. "ಹೊಂಡಬೇಕಂತ ಅಂಗಿ ಹಾಕ್ಕೊಂಡಿದ್ದೆ. ಇನ್ನೊಂದೀಟು ಕೂಡ್ರಿ ಅಂದ್ಲು. ಕೂತೆ."

ಕಾಕೂ ಮುಂದಿನ ದೀಪಾವಳಿ ಕಾಣಲಿಲ್ಲ. ಕಾಕಾ ಆಮೇಲೂ ಆರು ವರ್ಷ ಕಲಿಸಿದರು, ಸಾವಿರಾರು ಶೀಟಿಗೆ ತಾರೀಖು ಹಾಕಿದರು. ಅವರ ಲೆಕ್ಕ ತಪ್ಪಿದ್ದನ್ನು ನಾನು ನೋಡಿದ್ದು ಆ ಅರ್ಧ ದಿನದ್ದು ಒಂದೇ ಸಲ.